ದೆವ್ವದ ನಗು, ಚಿಕ್ಕಮ್ಮನ ಹಲ್ಲುಸೆಟ್ಟು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಇದೆ. ಮನೆಗೆ ಬಂದವರು ಯಾರೂ ಅದನ್ನೆತ್ತಿ ನೀರು ಕುಡಿಯದ ಹಾಗೆ ಕಾಯುವುದೇ ಈಚೆಗೆ ನನ್ನ ದೊಡ್ಡ ಕೆಲಸವಾಗಿದೆ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು, ಪಾಪ, ಬಿಸಿಲಲ್ಲಿ ಬೆಂದು ಬಂದಿದ್ದ. "ಅಕ್ಕಾ, ಒಸಿ ನೀರು ಕೊಡಿ" ಅಂದ. ನಾನು ಫಿಲ್ಟರಿನ ಕಡೆ ತಿರುಗುವಷ್ಟರಲ್ಲಿ ಕೈಗೆ ಸಿಕ್ಕ ಆ ಲೋಟವನ್ನೇ ಎತ್ತಿ ಬಾಯಿಗೆ ಹಿಡಿದ. ಲೋಟದ ತಳದಿಂದ ಶಾಂತ ಚಿಕ್ಕಮ್ಮನ ಹಲ್ಲುಸೆಟ್ಟು ಅವನನ್ನು ನೋಡಿ ನಕ್ಕಿತು. ಖಾಲಿ ಸಿಲಿಂಡರ್ ತೆಗೆದುಕೊಂಡು ಹೋಗಲು ಅವನು ಬೇರೆಯವನನ್ನು ಕಳಿಸಿದ.

ಅವನು ಹೆದರಿದ್ದರಲ್ಲಿ ತಪ್ಪೇನಿಲ್ಲ ಅಂತಲೇ ನನ್ನ ಅಭಿಪ್ರಾಯ. ಆ ಹಲ್ಲು ಕೂರಬೇಕಾದ ಬಾಯಿ ಅಂತಿಂಥ ಬಾಯಲ್ಲ. ಸುಮಾರು ನಲವತ್ತು ವರ್ಷ ಈ ರಾಜ್ಯದ ಮಕ್ಕಳಿಗೆಲ್ಲ ಹಾಸಿಗೆ ಒದ್ದೆ ಮಾಡಿಸಿದ ಬಾಯಿ ಅದು. ನನ್ನ ಹಾಸಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಶಾಂತ ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಕೊಟ್ಟಿದ್ದು ಗುಬ್ಬಿಗೆ. ನಾನು ತುಮಕೂರಿನ ಬಟವಾಡಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯ ತುದಿಯಲ್ಲೇ ಹಲ್ಲಿನ ಡಾಕ್ಟರು ಇದ್ದಾರೆ. ಆ ಕಾರಣಕ್ಕೆ ಚಿಕ್ಕಮ್ಮ ನಮ್ಮಲ್ಲಿ ಬಂದು ಕೂತಿದ್ದಾಳೆ. ಸೆಟ್ಟು ಹಾಕಿಸಿಕೊಂಡಾಗಿನಿಂದ ಅವಳು ಮಾತಾಡಿದರೆ ಟಕಟಕ ಅನ್ನುತ್ತದೆ, ನಕ್ಕರೆ ಹೊರಗೆ ಹಾರುತ್ತದೆ. "ಅಭ್ಯಾಸ ಆಗುತ್ತಮ್ಮ" ಅನ್ನುತ್ತಾರೆ ಡಾಕ್ಟರು. "ಇದು ನಂಗೆ ಅಭ್ಯಾಸ ಆಗಬೇಕೋ, ನಾನು ಇದಕ್ಕೆ ಅಭ್ಯಾಸ ಆಗಬೇಕೋ?" ಅಂತ ಚಿಕ್ಕಮ್ಮ ಕೇಳಿದ್ದಕ್ಕೆ ಅವರು ಮುಂದಿನ ಪೇಷಂಟನ್ನು ಕರೆದರು. ಹಾಗಾಗಿ ನಗು ಬಂದಾಗಲೆಲ್ಲ ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಳ್ಳುತ್ತಾಳೆ. ಸೆರಗಿನ ಅಭ್ಯಾಸ ಮಾತ್ರ ಹಲ್ಲಿಗಿಂತ ಬಹಳ ಹಳೆಯದು. ಆ ಕತೆಗೇ ನಾನು ಬರಬೇಕಾಗಿದ್ದು, ಸಿಲಿಂಡರಿನವನು ಮಧ್ಯೆ ಸಿಕ್ಕಿಕೊಂಡ.

ನೀವು 'ರುಬ್ಬುಗಲ್ಲು' ಸಿನಿಮಾ ನೋಡಿರುತ್ತೀರಿ. ನೋಡಿಲ್ಲ ಅಂದರೆ ನೀವು ತುಮಕೂರು ಜಿಲ್ಲೆಯವರಲ್ಲ, ಅಥವಾ ಬಹಳ ಸಭ್ಯರ ಮನೆಯವರು. ಹೊನ್ನಾಜಮ್ಮ ಅಂತ ಒಬ್ಬಳು ಸೊಸೆ. ಅತ್ತೆ ಅವಳನ್ನು ಹಗಲೂ ರಾತ್ರಿ ರುಬ್ಬುಗಲ್ಲಿನ ಮುಂದೆ ಕೂರಿಸಿ ಇಡೀ ಊರಿಗೆ ಆಗುವಷ್ಟು ಹಿಟ್ಟು ರುಬ್ಬಿಸಿ ರುಬ್ಬಿಸಿ ಸಾಯಿಸುತ್ತಾಳೆ. ಸೊಸೆ ದೆವ್ವವಾಗಿ ಬಂದು ಆ ಮನೆಯವರನ್ನೆಲ್ಲ ಅದೇ ಕಲ್ಲಿನಲ್ಲಿ ರುಬ್ಬುತ್ತಾಳೆ. ಕತೆ ಇಷ್ಟೇ. ಆದರೆ ಪ್ರತಿ ಸಲ ರುಬ್ಬುವ ಮುಂಚೆ ಅವಳು ನಗುತ್ತಿದ್ದಳು ನೋಡಿ, ಆ ನಗುವಿನ ಮೇಲೆ ಐದು ಪಾರ್ಟು ಓಡಿದವು. ಎರಡನೆಯದರಲ್ಲಿ ಗಂಡನ ಮನೆಯ ದಾಯಾದಿಗಳನ್ನು ರುಬ್ಬಿದಳು. ಮೂರನೆಯದರಲ್ಲಿ ಪಟ್ಟಣಕ್ಕೆ ಬಂದು ಮಿಕ್ಸಿಯೊಳಗೆ ಸೇರಿಕೊಂಡಳು. ಕರೆಂಟ್ ಹೋದಾಗಲೆಲ್ಲ ಅದರಲ್ಲಿ ಹೀರೋ ಬದುಕಿಕೊಳ್ಳುತ್ತಿದ್ದ; ಅದೊಂದೇ ನಮ್ಮ ಕಡೆಯ ವಾಸ್ತವಕ್ಕೆ ಹತ್ತಿರವಾದ ದೃಶ್ಯ. ನಾಲ್ಕು, ಐದರ ಬಗ್ಗೆ ಮಾತಾಡದಿರುವುದೇ ಮರ್ಯಾದೆ. ಆದರೆ ಐದರಲ್ಲೂ ನಗು ಮಾತ್ರ ಒಂದೇ, ಅದೇ ಮೊದಲನೆಯ ಪಾರ್ಟಿನದ್ದು.

ಆ ನಗು ನಮ್ಮ ಶಾಂತ ಚಿಕ್ಕಮ್ಮನದು.

ನಗಬೇಡಿ. ಮೊದಲನೆಯ ಪಾರ್ಟಿನ ಶೂಟಿಂಗ್ ಆದದ್ದು ಗುಬ್ಬಿ ತಾಲೂಕಿನ ಕಡಬದಲ್ಲಿ, ನಮ್ಮ ತಾತನ ಮನೆಯಲ್ಲಿ. ತಾತ ಮನೆಗೆ ಸುಣ್ಣ ಬಳಿಸದೆ ಎಷ್ಟೋ ಕಾಲವಾಗಿತ್ತು, ಹಾಗಾಗಿ ಸಿನಿಮಾದವರಿಗೆ ಬೇರೆ ಸೆಟ್ ಹಾಕುವ ಖರ್ಚು ಉಳಿಯಿತು. ಒಂದು ದಿನ ದೆವ್ವ ಬಿಡಿಸುವ ಮಂತ್ರವಾದಿಯ ಪಾತ್ರದವರು ಕೆರೆಯಲ್ಲಿ ಮುಳುಗಿ ಏಳುವ ದೃಶ್ಯ. ಮುಳುಗಿದವರು ಮಾತ್ರ ಎದ್ದರು, ಗಡ್ಡ ಏಳಲಿಲ್ಲ. ಅದು ತನ್ನ ಪಾಡಿಗೆ ತೇಲಿಕೊಂಡು ಬಟ್ಟೆ ಒಗೆಯುತ್ತಿದ್ದ ನಮ್ಮ ಅಜ್ಜಿಯ ಕಾಲ ಬಳಿ ಬಂತು. ಅಜ್ಜಿ ಅದನ್ನು ಯಾವುದೋ ಪ್ರಾಣಿ ಎಂದುಕೊಂಡು "ಶಿವಶಿವಾ" ಅನ್ನುತ್ತಾ ಕೋಲು ತೆಗೆದುಕೊಂಡು ಬಡಿಯತೊಡಗಿದರು. ಮಂತ್ರವಾದಿ ನೀರಿನಲ್ಲಿ ನಿಂತು "ಅಮ್ಮಾ, ಹೊಡೀಬೇಡಿ, ಅದು ನಂದು, ಅದು ನಂದು" ಅಂತ ಕೈ ಮುಗಿಯುತ್ತಿದ್ದರು. ಕೆರೆ ಏರಿಯ ಮೇಲೆ ನಿಂತು ನೋಡುತ್ತಿದ್ದ ಚಿಕ್ಕಮ್ಮ, ಆಗಿನ್ನೂ ಮದುವೆಯಾಗದ ಹುಡುಗಿ, ನಕ್ಕಳು. ನಕ್ಕಳು ಅಂದರೆ ಏನು! ಹೊಟ್ಟೆಯ ತಳದಿಂದ ಗರಗರ ಅಂತ ಶುರುವಾಗಿ, ಮೇಲೆ ಹೋಗಿ ಕೀರಲಾಗಿ, ಅಲ್ಲೇ ನಿಂತು, ಮುಗಿಯಿತು ಅನ್ನುವಾಗ ಮತ್ತೆ ಕೆಳಗಿನಿಂದ ಬರುವಂಥ ನಗು. ಆಚೆ ದಡದಲ್ಲಿ ಕಪ್ಪೆಗಳ ಸದ್ದು ಹಿಡಿಯಲು ಮೆಷಿನ್ ಇಟ್ಟುಕೊಂಡು ಕೂತಿದ್ದ ಸೌಂಡಿನವರು ಕಿವಿಯಿಂದ ಹೆಡ್‌ಫೋನ್ ತೆಗೆದು, ಡೈರೆಕ್ಟರ ಹತ್ತಿರ ಓಡಿಹೋಗಿ, "ಸಾರ್, ನಮ್ಮ ದೆವ್ವ ಸಿಕ್ಕಿತು" ಅಂದರಂತೆ.

ಅಜ್ಜಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. "ಹೆಸ್ರು ಮಾತ್ರ ಹಾಕ್ಬೇಡಿ ಸ್ವಾಮಿ. ಗಂಡು ನೋಡ್ತಾ ಇದೀವಿ. ದೆವ್ವದಂಗೆ ನಗ್ತಾಳೆ ಅಂತ ಗೊತ್ತಾದ್ರೆ ಯಾವನು ಕಟ್ಕೊಂತಾನೆ?" ಸಿನಿಮಾದವರು ಮಾತಿಗೆ ತಪ್ಪಲಿಲ್ಲ. ಕೊನೆಯಲ್ಲಿ ಹೆಸರುಗಳು ಬರುವಾಗ 'ಧ್ವನಿ ಸಹಾಯ: ಕಡಬದ ಕೆರೆಯ ಕಪ್ಪೆಗಳು' ಎಂದು ಹಾಕಿದರು. ಅಂದಿನಿಂದ ಎಲ್ಲ ಅಭಿಮಾನಿಗಳೂ ನಂಬಿಕೊಂಡು ಬಂದದ್ದು ಅದನ್ನೇ. ಕಪ್ಪೆಯ ವಟವಟವನ್ನು ಹಿಂದುಮುಂದು ಮಾಡಿ ಓಡಿಸಿ ಆ ನಗು ಮಾಡಿದರಂತೆ! ನಮ್ಮ ಜನ ಒಂದು ಹೆಣ್ಣು ಹಾಗೆ ನಕ್ಕಳು ಅಂದರೆ ನಂಬುವುದಿಲ್ಲ, ಕಪ್ಪೆ ನಕ್ಕಿತು ಅಂದರೆ ನಂಬುತ್ತಾರೆ.

ಚಿಕ್ಕಮ್ಮನಿಗೆ ಗಂಡೂ ಸಿಕ್ಕಿತು. ಗುಬ್ಬಿಯ ಮನೆ, ಮಠಕ್ಕೆ ನಡೆದುಕೊಳ್ಳುವ ಭಕ್ತರು, ಹಜಾರದಲ್ಲಿ ಯಾವಾಗಲೂ ಯಾರಾದರೊಬ್ಬ ಅಯ್ನೋರು ಕೂತಿರುತ್ತಿದ್ದರು. ಅತ್ತೆ ಮೊದಲ ದಿನವೇ ಹೇಳಿದರಂತೆ: "ಸೊಸೆ ನಗು ಅಡುಗೆಮನೆ ಹೊಸಲು ದಾಟಬಾರದು." ಅಲ್ಲಿಂದ ಶುರುವಾಯಿತು ಸೆರಗು. ಆ ಅಡುಗೆಮನೆಯ ಮೂಲೆಯಲ್ಲಿ ನಿಜವಾದ ರುಬ್ಬುಗಲ್ಲೂ ಇತ್ತು. ಬಂದುಹೋಗುವ ಅಷ್ಟೂ ಜನಕ್ಕೆ ಚಿಕ್ಕಮ್ಮ ಅದರಲ್ಲೇ ರುಬ್ಬಿದಳು. ಮಿಕ್ಸಿ ಬಂದ ಮೇಲೂ ಅತ್ತೆ "ಕಲ್ಲಲ್ಲಿ ರುಬ್ಬಿದ ರುಚಿ ಬರಲ್ಲ ಬುಡು" ಅಂದರು. ರುಚಿಯ ಬಗ್ಗೆ ಮಾತಾಡುವವರು ಯಾವತ್ತೂ ರುಬ್ಬುವವರಲ್ಲ ಅನ್ನುವುದು ನಾನು ಗಮನಿಸಿರುವ ವಿಷಯ.

ತಮಾಷೆ ಏನು ಗೊತ್ತೇ? ಆ ಅತ್ತೆಗೆ 'ರುಬ್ಬುಗಲ್ಲು' ಅಂದರೆ ಪ್ರಾಣ. ಗುಬ್ಬಿಯ ಟೆಂಟಿಗೆ ಸಿನಿಮಾ ಬಂದಾಗ ಸೊಸೆಯನ್ನೂ, ರಜೆಗೆ ಬಂದಿದ್ದ ನನ್ನನ್ನೂ ಎಳೆದುಕೊಂಡು ಹೋದರು. ತೆರೆಯ ಮೇಲೆ ಹೊನ್ನಾಜಮ್ಮ ನಕ್ಕಳು. ಇಡೀ ಟೆಂಟು ಉಸಿರು ಹಿಡಿಯಿತು. ಆಗ ನೆಲದ ಕ್ಲಾಸಿನಿಂದ ಯಾವನೋ ಪುಣ್ಯಾತ್ಮ ಎದ್ದು ನಿಂತು "ರುಬ್ಬವ್ವಾ, ರುಬ್ಬು!" ಅಂತ ಕೂಗಿದ. ಮುಂದಿನ ಸಲ ನಗು ಬಂದಾಗ ಎಲ್ಲರೂ ಕೂಗಿದರು. ಅಲ್ಲಿಂದ ಅದು ಪದ್ಧತಿಯೇ ಆಯಿತು. ಯಾವ ಊರಿನ ಟಾಕೀಸಿನಲ್ಲೇ ಆಗಲಿ, ಹೊನ್ನಾಜಮ್ಮ ನಕ್ಕರೆ ಜನ ಕೂಗಲೇಬೇಕು, ಕೂಗದಿದ್ದರೆ ಮನೆಗೆ ಬಂದು ರುಬ್ಬುತ್ತಾಳೆ ಅಂತ ನಂಬಿಕೆ. ಅತ್ತೆಯವರು ಮಾತ್ರ ಕೂಗುವ ಸ್ಥಿತಿಯಲ್ಲಿರಲಿಲ್ಲ. ಸೊಸೆಯ ತೋಳನ್ನೇ ಗಟ್ಟಿಯಾಗಿ ಹಿಡಿದುಕೊಂಡು, "ಶಾಂತೀ, ಇವಳ ನಗು ಕೇಳಿದ್ರೆ ಎದೆ ಒಡೆದೋಗ್ತದೆ ಕಣೇ, ನನ್ನ ಬಿಟ್ಟು ಎದ್ದೋಗ್ಬೇಡ" ಅನ್ನುತ್ತಿದ್ದರು. ಚಿಕ್ಕಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅಲುಗಾಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ "ಅದು ನಾನೇ ಕಣೇ ಪುಟ್ಟಿ" ಅಂದಳು. ನಾನು ಅಲ್ಲೇ, ಟೆಂಟಿನ ಮರಳಿನ ಮೇಲೆ, ಉಚ್ಚೆ ಹೊಯ್ದುಕೊಂಡೆ.

ಹೀಗೆ ಹೆದರಿಕೆಯಿಂದ ಶುರುವಾದ ನನ್ನ ಅಭಿಮಾನ ಐವತ್ತು ದಾಟಿದರೂ ಬಿಟ್ಟಿಲ್ಲ. ವಾಟ್ಸಾಪಿನಲ್ಲಿ 'ರುಬ್ಬುಗಲ್ಲು ಅಭಿಮಾನಿಗಳ ಬಳಗ' ಅಂತ ಒಂದು ಗ್ರೂಪಿದೆ, ನಾನೂ ಇದ್ದೇನೆ. ನನ್ನ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ, ಫೋಟೋ ಜಾಗದಲ್ಲಿ ಒಂದು ರುಬ್ಬುಗುಂಡು. ಹಾಗಾಗಿ ಎಲ್ಲರೂ ನನ್ನನ್ನು 'ಬ್ರೋ' ಅನ್ನುತ್ತಾರೆ. ಈ ವಯಸ್ಸಿನಲ್ಲಿ ಆಂಟಿ ಅನ್ನದೆ ಬ್ರೋ ಅನ್ನುವವರು ಸಿಕ್ಕರೆ ಯಾರು ಬೇಡ ಅನ್ನುತ್ತಾರೆ? ಬಳಗದ ಅಧ್ಯಕ್ಷ ಪರಮೇಶಿ, ಕುಣಿಗಲ್ಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೊದಲನೆಯ ಪಾರ್ಟ್ ಬಂದಾಗ ಅವನಿನ್ನೂ ಹುಟ್ಟಿರಲಿಲ್ಲ, ಆದರೂ ಹೊನ್ನಾಜಮ್ಮನ ವಿಷಯದಲ್ಲಿ ಅವನ ಮಾತೇ ಕೊನೆ.

ಐದನೆಯ ಪಾರ್ಟ್ ಬಂದು ಎಷ್ಟೋ ವರ್ಷದ ಮೇಲೆ, ಎಲ್ಲರೂ ಮರೆತೇಬಿಟ್ಟರು ಅನ್ನುವಾಗ, ಆರನೆಯ ಪಾರ್ಟ್ ಬರುತ್ತದೆ ಅಂತ ಸುದ್ದಿಯಾಯಿತು. ಹೊಸ ಡೈರೆಕ್ಟರು, ಹೊಸ ಹೊನ್ನಾಜಮ್ಮ, ಕತೆಯೂ ಮೊದಲಿನಿಂದ. ಟ್ರೇಲರ್ ಬಿಟ್ಟ ದಿನ ಗ್ರೂಪಿಗೆ ಬೆಂಕಿ ಬಿತ್ತು. ನಗುವನ್ನೂ ಬದಲಾಯಿಸಿದ್ದರು, ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದರು. "ಇದು ನಗುವಾ ಗುರು? ಸ್ಕೂಟಿ ಸ್ಟಾರ್ಟ್ ಆಗ್ತಾ ಇಲ್ಲ ಅಷ್ಟೆ" ಅಂತ ಒಬ್ಬ. "ಕಡಬದ ಕಪ್ಪೆಗಳಿಗೆ ನ್ಯಾಯ ಬೇಕು" ಅಂತ ಇನ್ನೊಬ್ಬ. ಕೋರ ಅನ್ನುವ ಊರಿನ ರೈತರೊಬ್ಬರು ವಾಯ್ಸ್ ಮೆಸೇಜಿನಲ್ಲಿ, "ನಮ್ಮವ್ವ ತೀರ್ಕೊಂಡಾಗ್ಲೂ ಇಷ್ಟು ಬೇಜಾರಾಗಿರ್ಲಿಲ್ಲ" ಅಂದರು. ಹಿಂದೆ ಎಮ್ಮೆಯೊಂದು ಅದನ್ನು ಅನುಮೋದಿಸಿತು. ಸಿನಿಮಾ ಬಹಿಷ್ಕರಿಸೋಣ ಅಂತ ಉದ್ದುದ್ದ ಬರೆದವನೇ ಕೆಳಗೆ "ಬುಕಿಂಗ್ ಯಾವಾಗ ಓಪನ್?" ಅಂತ ಕೇಳಿದ.

ಇಷ್ಟು ಜನ ಆ ನಗುವಿಗಾಗಿ ಎದೆ ಬಡಿದುಕೊಳ್ಳುತ್ತಿದ್ದಾರೆ, ನಗು ನಮ್ಮ ಸೋಫಾದ ಮೇಲೆ ಕಾಲು ಚಾಚಿಕೊಂಡು ಸೀರಿಯಲ್ ನೋಡುತ್ತಿದೆ. ನನಗೆ ತಡೆಯಲಾಗಲಿಲ್ಲ. ಅದು ಕಪ್ಪೆಯಲ್ಲ, ನಮ್ಮ ಚಿಕ್ಕಮ್ಮ ಅಂತ ಬರೆದೇಬಿಟ್ಟೆ. ಮೊದಲು ನಗುವ ಮುಖಗಳ ಸಾಲು ಬಂತು. ಆಮೇಲೆ ಒಬ್ಬ, "ಬ್ರೋ, ಮಂತ್ರವಾದಿ ನಿಮ್ಮ ಚಿಕ್ಕಪ್ಪನಾ?" ಅಂದ. ಪರಮೇಶಿ ಮಾತ್ರ ಗಂಭೀರವಾಗಿ, "ಕರ್ಕೊಂಡ್ ಬನ್ನಿ ಬ್ರೋ, ಚೆಕ್ ಮಾಡಣ" ಅಂದ.

ಇದನ್ನೆಲ್ಲ ಚಿಕ್ಕಮ್ಮನಿಗೆ ಓದಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಟೀವಿ ಆಫ್ ಮಾಡಿ, "ಇನ್ನೂ ನೆನಪಿಟ್ಕೊಂಡವ್ರಾ?" ಅಂದಳು. ಮರುದಿನ ನಾನು ಏಳುವ ಹೊತ್ತಿಗೆ ಒಳ್ಳೆಯ ಸೀರೆ ಉಟ್ಟು, ಹಲ್ಲು ಹಾಕಿಕೊಂಡು ಕೂತಿದ್ದಳು.

ಕುಣಿಗಲ್ಲಿನ ಅಂಗಡಿಯಲ್ಲಿ ಪರಮೇಶಿ ನಮ್ಮ ಹಿಂದೆ ಇಣುಕಿ, "ಬ್ರೋ ಬರ್ಲಿಲ್ವಾ ಮೇಡಂ?" ಅಂದ. "ನಾನೇ ಬ್ರೋ" ಅಂದೆ. ಅವನು ಫೋನ್ ತೆಗೆದು ಗ್ರೂಪಿನ ಆ ಚುಕ್ಕಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದ. ಆಮೇಲೆ ಬಳಗದ ನಾಲ್ಕೈದು ಜನರನ್ನು ಕೂರಿಸಿ, ದೊಡ್ಡ ಸ್ಪೀಕರಿಗೆ ಹಾಕಿ ಹಳೆಯ ನಗು ಕೇಳಿಸಿದ. ಅಂಗಡಿಯ ಗಾಜು ನಡುಗಿತು. ಎಲ್ಲರೂ ಅಭ್ಯಾಸಬಲದಿಂದ "ರುಬ್ಬವ್ವಾ, ರುಬ್ಬು!" ಅಂದರು. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂದಿತ್ತು. "ಎಷ್ಟು ಜೋರಾಗಿ ನಗ್ತಿದ್ನಲ್ಲೇ ಪುಟ್ಟಿ" ಅಂದಳು. ನಾನೂ ಕರ್ಚೀಫು ತೆಗೆದೆ, ಸುಳ್ಳು ಯಾಕೆ ಹೇಳಲಿ.

"ಈಗ ನೀವು ನಗಿ ಅಮ್ಮ" ಅಂದ ಪರಮೇಶಿ.

ನಗಿ ಅಂದರೆ ನಗು ಬರುತ್ತದೆಯೇ? ಅವಳು ಯಾವತ್ತೂ ಹೇಳಿಸಿಕೊಂಡು ನಕ್ಕವಳಲ್ಲ, ನಗಬೇಡ ಅನ್ನಿಸಿಕೊಂಡೇ ಅಭ್ಯಾಸ. ಬಾಯಿ ತೆರೆದಳು. "ಹಿ ಹಿ" ಅಂತ ಏನೋ ಬಂತು, ಸೆಟ್ಟು ಟಕ್ ಅಂದಿತು, ತಕ್ಷಣ ಕೈ ತಾನಾಗಿಯೇ ಸೆರಗೆತ್ತಿ ಬಾಯಿ ಮುಚ್ಚಿತು. ಇನ್ನೊಮ್ಮೆ ಪ್ರಯತ್ನಿಸಿದಳು, ಕೆಮ್ಮು ಬಂತು. ಅವರಲ್ಲಿ ಯಾರಾದರೂ ಗೇಲಿ ಮಾಡಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಪರಮೇಶಿ ಬಹಳ ಮೆತ್ತಗೆ, "ಬುಡಿ ಅಮ್ಮ, ಸುಸ್ತು ಮಾಡ್ಕೋಬೇಡಿ, ಜ್ಯೂಸ್ ತರಿಸ್ತೀನಿ" ಅಂದ. ನಾವು ಬಸ್ ಹತ್ತುವ ಮುಂಚೆಯೇ ಗ್ರೂಪಿನಲ್ಲಿ ತೀರ್ಪು ಬಂದಿತ್ತು: "ಬ್ರೋ ಚಿಕ್ಕಮ್ಮ ತುಂಬಾ ಒಳ್ಳೆಯವರು. ಆದರೆ ನಗು ಕಪ್ಪೆದೇ." ಎಲ್ಲರೂ ಅದಕ್ಕೆ ಹೆಬ್ಬೆಟ್ಟು ಎತ್ತಿದ್ದರು.

ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು. ಕಿಟಕಿಗೇ ಹೇಳುವ ಹಾಗೆ ಮಾತಾಡಿದಳು. "ನಿಮ್ಮಜ್ಜಿ, ತಾತ, ನಿಮ್ಮಮ್ಮ ಎಲ್ಲ ಹೋದ್ರು. ಆ ಸೌಂಡಿನವ್ರೂ ಹೋಗಿರ್ತಾರೆ. ನಿಮ್ಮ ಚಿಕ್ಕಪ್ಪಂಗೆ ನಾನು ಹೇಳೇ ಇಲ್ಲ. ನಾನು ಹಂಗೆ ನಗ್ತಿದ್ದೆ ಅಂತ ಗೊತ್ತಿರೋಳು ನೀನೊಬ್ಳೇ, ನೀನೂ ನನ್ನ ಬಾಯಿ ಮಾತು ನಂಬ್ದೋಳು. ಈಗ ನಂಗೇ ಡೌಟು ಕಣೇ. ಅದು ಕಪ್ಪೆನೇ ಇರಬಹುದಾ?"

ಪಾರ್ಲರಿನಲ್ಲಿ ನಾನು ದಿನವಿಡೀ ಹೆಂಗಸರಿಗೆ ನೀವು ಹಾಗಿದ್ದೀರಿ, ಹೀಗಿದ್ದೀರಿ ಅಂತ ಸುಳ್ಳು ಹೇಳಿ ಬದುಕುವವಳು. ಅವತ್ತು ನಿಜ ಹೇಳಬೇಕಾಗಿ ಬಂದಾಗ ಬಸ್ ಟಿಕೆಟ್ ಮಡಿಚುತ್ತಾ ಕೂತೆ. ಒಬ್ಬ ಹೆಂಗಸಿಗೆ ಅವಳ ಸ್ವಂತ ನಗುವಿನ ಮೇಲೆ ಅನುಮಾನ ಬರುವ ಹಾಗೆ ಮಾಡಿಬಿಟ್ಟೆವಲ್ಲ ಅಂತ ನನ್ನನ್ನೇ ಬೈದುಕೊಂಡೆ. ಹಾಗಾಗಿಯೇ ಸಿನಿಮಾ ಬಿಡುಗಡೆಯಾದ ಶುಕ್ರವಾರ, ಬರಲ್ಲ ಬರಲ್ಲ ಅಂದರೂ ಕೇಳದೆ, ತುಮಕೂರಿನ ಥಿಯೇಟರಿಗೆ ಬೆಳಗಿನ ಶೋಗೆ ಅವಳನ್ನು ಎಳೆದುಕೊಂಡು ಹೋದೆ.

ಥಿಯೇಟರ್ ಮುಂದೆ ರುಬ್ಬುಗುಂಡು ಹಿಡಿದ ಹೊನ್ನಾಜಮ್ಮನ ಕಟೌಟು. ಅದರ ಕೆಳಗೆ ನಮ್ಮ ಬಳಗದ ಗಲಾಟೆ. ಹೀರೋಗಳ ಕಟೌಟಿಗೆ ಹಾಲು ಸುರಿಯುತ್ತಾರೆ ಸರಿ, ದೆವ್ವಕ್ಕೆ ಏನು ಮಾಡಬೇಕು? ಮಡಿಲು ತುಂಬೋಣ ಅಂತ ಪರಮೇಶಿ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲ ತಂದಿದ್ದ. ಆದರೆ ಮಡಿಲು ತುಂಬುವುದು ಮುತ್ತೈದೆಗೆ, ಹೊನ್ನಾಜಮ್ಮ ಮುತ್ತೈದೆಯೇ ಅನ್ನುವುದು ಜಗಳ.

"ಗಂಡ ಬದುಕಿದ್ದಾಗ್ಲೇ ಸತ್ತವ್ಳೆ ಕಣ್ಲಾ, ಮುತ್ತೈದೇನೇ" ಅಂದ ಒಬ್ಬ.

"ಆಮೇಲೆ ಗಂಡನ್ನ ಅವಳೇ ರುಬ್ಬುದ್ಲಲ್ಲೋ, ಆಗ ಏನಾದ್ಲು?"

"ಸತ್ತ ಮೇಲೆ ವಿಧವೆ ಆಗೋದು ಲೆಕ್ಕಕ್ಕಿಲ್ಲ" ಅಂತ ಪರಮೇಶಿ ತೀರ್ಮಾನ ಕೊಟ್ಟ.

ತೀರ್ಮಾನವಾದ ಮೇಲೆ ನೋಡಿದರೆ ತುಂಬಲು ಒಬ್ಬ ಹೆಂಗಸೂ ಇಲ್ಲ, ಬಳಗವೆಲ್ಲ ಮೀಸೆಯವರೇ. ಪರಮೇಶಿಯ ಕಣ್ಣು ನಮ್ಮ ಮೇಲೆ ಬಿತ್ತು. ಮುಜುಗರದಿಂದಲೇ ಬಂದು, "ಅಮ್ಮ, ನೀವು ಒಂದ್ ಕೈ..." ಅಂದ. ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ, ಪ್ಲೈವುಡ್ಡಿನ ಸೊಂಟಕ್ಕೆ ರವಿಕೆ ಕಣ ಕಟ್ಟಿ, ಅದರಲ್ಲಿ ಅಕ್ಕಿ ಬೆಲ್ಲ ಕೊಬ್ಬರಿ ಇಟ್ಟು, ಮೇಲೆ ನೋಡಿ, ಕೈಗೆಟುಕಿದಲ್ಲಿ ಕುಂಕುಮ ಹಚ್ಚಿದಳು. "ಸಾಕು ಕಣವ್ವ, ಇನ್ನು ಒಸಿ ಕುತ್ಕೊ" ಅಂದದ್ದು ನನಗೊಬ್ಬಳಿಗೇ ಕೇಳಿಸಿತು.

ಸಿನಿಮಾ ಹೇಗಿತ್ತು ಅಂತ ಕೇಳುತ್ತೀರಾ? ಮೊದಲ ಸಲ ಹೊಸ ನಗು ಬಂದಾಗ ಇಡೀ ಥಿಯೇಟರು ಕೂಗಲು ಬಾಯಿ ತೆರೆಯಿತು, ಕೂಗು ಹೊರಡಲಿಲ್ಲ. "ಚೋಕ್ ಎಳ್ಯಲೋ!" ಅಂತ ಒಬ್ಬ ಅರಚಿದ. ಎರಡನೆಯ ಸಲ ಅದೂ ಇಲ್ಲ. ಒಂದು ಕಾಲದಲ್ಲಿ ಟೆಂಟೇ ಕಿತ್ತುಹೋಗುವಂತೆ ಕೂಗುತ್ತಿದ್ದ ಜನ ಸಾವಿನ ಮನೆಗೆ ಬಂದವರ ಹಾಗೆ ಫೋನ್ ನೋಡಿಕೊಂಡು ಕೂತರು. ನಾನೂ ಸಿಟ್ಟಿನಲ್ಲಿ ಹಲ್ಲು ಕಡಿಯುತ್ತಿದ್ದೆ, ನನ್ನವೇ ಹಲ್ಲು.

ಇಂಟರ್ವಲ್ ಹತ್ತಿರ ಬಂತು. ದೆವ್ವ ಅತ್ತೆಯನ್ನು ಮೂಲೆಗೆ ಅಟ್ಟಿಕೊಂಡು ಹೋಗಿದೆ. ಈಗ ರುಬ್ಬುತ್ತಾಳೆ ಅನ್ನುವಾಗ ವಯಲಿನ್ ಶುರುವಾಯಿತು. ಅತ್ತೆಯ ಕಣ್ಣಲ್ಲಿ ನೀರು. ಮೊಣಕಾಲೂರಿ, ಸೊಸೆಯ ಕಾಲು ಹಿಡಿದು ಅವಳು ಹೇಳಿದಳು: "ನನ್ನನ್ನು ಕ್ಷಮಿಸು ಮಗಳೇ. ನೀನು ಕೂತುಕೋ. ಇವತ್ತಿನಿಂದ ನಾನು ರುಬ್ಬುತ್ತೇನೆ."

"ಇದ್ಯಾವ ಹಾರರ್ ಗುರು" ಅಂತ ಹಿಂದಿನಿಂದ ಯಾರೋ ಗೊಣಗಿದರು. ಪಕ್ಕದಲ್ಲಿ ಚಿಕ್ಕಮ್ಮನ ಹೆಗಲು ಅಲುಗಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ, ಅಷ್ಟು ವರ್ಷ ರುಬ್ಬಿದವಳಲ್ಲವೇ. ನೋಡಿದರೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾಳೆ, ಒಳಗೆ ಸೆಟ್ಟು ಟಕಟಕ ಅನ್ನುತ್ತಿದೆ. ತೆರೆಯ ಮೇಲೆ ಅತ್ತೆ ರುಬ್ಬುಗುಂಡು ಹಿಡಿದು ನಿಜವಾಗಿಯೂ ರುಬ್ಬಲು ಕೂತಳು. ಚಿಕ್ಕಮ್ಮ ಸೆರಗು ಕೆಳಗಿಳಿಸಿದಳು. ಬಾಯಿಗೆ ಕೈ ಹಾಕಿ ಸೆಟ್ಟು ತೆಗೆದು, ಬಿಸಿಬಿಸಿಯಾಗಿದ್ದುದನ್ನು ನನ್ನ ಅಂಗೈಯಲ್ಲಿಟ್ಟು, ನಕ್ಕಳು.

ಹೊಟ್ಟೆಯ ತಳದಿಂದ ಗರಗರ ಅಂತ ಶುರುವಾಯಿತು. ಮೇಲೆ ಹೋಗಿ ಕೀರಲಾಯಿತು. ಅಲ್ಲೇ ನಿಂತಿತು. ಮುಗಿಯಿತು ಅನ್ನುವಾಗ ಮತ್ತೆ ಕೆಳಗಿನಿಂದ ಬಂತು. ಪಕ್ಕದ ಸಾಲಿನಲ್ಲಿ ಒಬ್ಬಳು ಕಿರುಚಿಕೊಂಡಳು. ನಾನು ಕೈಯಲ್ಲಿ ಚಿಕ್ಕಮ್ಮನ ಹಲ್ಲು ಹಿಡಿದುಕೊಂಡು ಕೂತಿದ್ದೆ, ಕಾಲುಗಳನ್ನು ಒತ್ತಿ ಹಿಡಿದುಕೊಂಡು ಕೂತಿದ್ದೆ ಅಂತಲೂ ಹೇಳಿಬಿಡುತ್ತೇನೆ. ತೆರೆಯ ಮೇಲೆ ವಯಲಿನ್ ತನ್ನ ಪಾಡಿಗೆ ಅಳುತ್ತಿತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ. ಒಂದು ಗಳಿಗೆ ಥಿಯೇಟರು ಉಸಿರು ಹಿಡಿಯಿತು. ಆಮೇಲೆ ಕತ್ತಲಿನಲ್ಲಿ, ಮುಂದಿನಿಂದ, ಹಿಂದಿನಿಂದ, ಬಾಲ್ಕನಿಯಿಂದ, ಎಲ್ಲರೂ ಒಟ್ಟಿಗೆ ಕೂಗಿದರು.

"ರುಬ್ಬವ್ವಾ, ರುಬ್ಬು!"

ದೀಪ ಹತ್ತಿತು. ಪರಮೇಶಿ ಕುರ್ಚಿಗಳನ್ನು ದಾಟಿಕೊಂಡು ಬಂದು ನಮ್ಮ ಸಾಲಿನ ತುದಿಯಲ್ಲಿ ನಿಂತ. "ಕಪ್ಪೆ ಅಲ್ಲ" ಅಂದ, ಅಷ್ಟೇ, ಕಣ್ಣೊರೆಸಿಕೊಂಡ. ಚಿಕ್ಕಮ್ಮ ಬೊಚ್ಚುಬಾಯಿ ಅಗಲಿಸಿ ಅವನನ್ನೇ ನೋಡುತ್ತಿದ್ದಳು. ಸೆರಗು ಮಡಿಲಲ್ಲಿ ಬಿದ್ದಿತ್ತು. ನಾನು ಹಲ್ಲುಸೆಟ್ಟನ್ನು ಕರ್ಚೀಫಿನಲ್ಲಿ ಒರೆಸಿ ಅವಳ ಮುಂದೆ ಹಿಡಿದೆ.

"ಬ್ಯಾಗಲ್ಲೇ ಇಟ್ಕೊಂಡಿರು ಕಣೇ" ಅಂದಳು. "ಇನ್ನೂ ಅರ್ಧ ಸಿನಿಮಾ ಐತೆ."